ಬೀಜ ಯಾರಪ್ಪನ ಆಸ್ತಿ?

ಹೋದ ವಾರ ಇದೇ ಸ್ಟುಡಿಯೋದಲ್ಲಿ ಬೀಜದ ಕಂಪನಿಗಳ ಬಗ್ಗೆ ಒಂದು ಚರ್ಚೆ ನಡೆಸಿದ್ದೆ. ನೋಡಿದವರಿಗೆ ನೆನಪಿರಬಹುದು. ಆಡಳಿತ ಪಕ್ಷದವರೊಬ್ಬರು, ವಿರೋಧ ಪಕ್ಷದವರೊಬ್ಬರು, ಒಬ್ಬ ವಕೀಲರು, ಒಬ್ಬ ರೈತ ಮುಖಂಡರು. ಒಂದು ತಾಸು ಎಲ್ಲರೂ ಕೂಗಾಡಿದ್ರು. ಸುಳ್ಳು ಯಾಕೆ ಹೇಳಲಿ, ನಾನೂ ಕೂಗಿದೆ.

ಕಾರ್ಯಕ್ರಮ ಮುಗಿಸಿ ಮೇಕಪ್ ಒರೆಸಿಕೊಳ್ತಾ ಇದ್ದೆ. ಗುತ್ತಲದಿಂದ ಕಾಕಾನ ಫೋನ್ ಬಂತು.

"ತಮ್ಮಾ, ನಿನ್ನ ಕಾರ್ಯಕ್ರಮ ನೋಡಿದ್ನಿ. ಭಾಳ ಛಲೋ ಒದರಿದಿ. ಆದ್ರ ಒಂದ್ ಮಾತು ಹೇಳು. ಇವತ್ತ ಅಂಗಡ್ಯಾಗ ಒಂದ್ ಪಾಕೀಟ ಹತ್ತಿ ಬೀಜ ತಂದೀನಿ. ರೊಕ್ಕಾ ಎಣಿಸಿ ಕೊಟ್ಟೀನಿ. ಅದರಾಗಿನ ಬೀಜ ನಂದೋ, ಅವರ್ದೋ?"

"ನಿಂದಽ ಕಾಕಾ" ಅಂದೆ.

"ಹಂಗಾರ ಬೆಳಿ ಬಂದ ಮ್ಯಾಲೆ ಅದರಾಗ ಬೀಜ ತಗದಿಟ್ಟು ಮುಂದಿನ ವರ್ಷ ಬಿತ್ತಲೇನು?"

ನನ್ನ ಬಾಯಿ ಕಟ್ಟಿತು. ನಾಲ್ಕು ಜನ ಅತಿಥಿಗಳು ಒಂದು ತಾಸು ಮಾತಾಡಿದ್ದರಲ್ಲಿ ಈ ಪ್ರಶ್ನೆಗೆ ಉತ್ತರ ಇರಲಿಲ್ಲ. ಯಾಕಂದ್ರೆ ನಾನು ಆ ಪ್ರಶ್ನೆ ಕೇಳಿಯೇ ಇರಲಿಲ್ಲ. ಇವತ್ತು ಅತಿಥಿಗಳು ಯಾರೂ ಇಲ್ಲ. ಕಾಕಾನಿಗೆ ಉತ್ತರ ಕೊಡೋಕೆ ಪ್ರಯತ್ನ ಮಾಡ್ತೀನಿ. ನಿಮ್ಮ ಮನೆಯಲ್ಲೂ ಒಬ್ಬ ಕಾಕಾ ಇರಬಹುದು, ಅವರನ್ನೂ ಟಿವಿ ಮುಂದೆ ಕೂರಿಸಿ.

ಮೊದಲು ನನ್ನ ಅಜ್ಜಿಯ ವಿಷಯ. ನಮ್ಮದು ಹಾವೇರಿ ತಾಲೂಕಿನ ಗುತ್ತಲ. ಕಣದಲ್ಲಿ ಮೆಣಸಿನಕಾಯಿ ಹರವಿದಾಗ ಅಜ್ಜಿ ನಡುವೆ ಕೂತು ಹಣ್ಣು ಆರಿಸ್ತಿದ್ಲು. ಬಣ್ಣ ತುಂಬಿದ್ದು, ಮೈಮೇಲೆ ಸುಕ್ಕು ಚೆನ್ನಾಗಿ ಬಿದ್ದಿದ್ದು, ಉದ್ದಕ್ಕೆ ಇಳಿದಿದ್ದು. ಅದು ಮಾರೋದಕ್ಕಲ್ಲ, ಬೀಜಕ್ಕೆ. ಜೋಳದಲ್ಲೂ ಒಳ್ಳೆ ತೆನೆ ನೋಡಿ ಜಂತಿಗೆ ಕಟ್ಟೋದು. ಕಾಳಿಗೆ ಬೂದಿ ಬೆರೆಸಿ ಗಡಿಗೆಗೆ ತುಂಬೋದು. ಪಕ್ಕದ ಮನೆಯವರ ಬೀಜ ಹುಳ ತಿಂದ್ರೆ ನಮ್ಮ ಗಡಿಗೆಯಿಂದ ಒಂದು ಸೇರು ಹೋಗ್ತಿತ್ತು. ಸುಗ್ಗಿಗೆ ಅದು ವಾಪಸ್ ಬರ್ತಿತ್ತು, ಸ್ವಲ್ಪ ಹೆಚ್ಚಾಗಿಯೇ ಬರ್ತಿತ್ತು. ಇಂಜಿನಿಯರಿಂಗ್ ಓದಿದ ಮೇಲೆ ನನಗೆ ತಿಳೀತು, ಅಜ್ಜಿ ಮಾಡ್ತಿದ್ದುದು ಆರ್ ಅಂಡ್ ಡಿ. ಕಂಪನಿಗಳು ಏರ್ ಕಂಡೀಷನ್ ಕೋಣೆಯಲ್ಲಿ ಮಾಡೋದನ್ನ ಅವಳು ಕಣದಲ್ಲಿ ಕೂತು ಮಾಡ್ತಿದ್ಲು. ಪೇಟೆಂಟ್ ಅನ್ನೋ ಶಬ್ದ ಮಾತ್ರ ಅವಳಿಗೆ ಗೊತ್ತಿರಲಿಲ್ಲ.

ಈಗ ಪಕ್ಕದ ರಾಣೆಬೆನ್ನೂರಿಗೆ ಬನ್ನಿ. ದೇಶದ ಬೀಜ ವ್ಯಾಪಾರಿಗಳಿಗೆಲ್ಲ ಗೊತ್ತಿರೋ ಊರು. ಟೊಮೆಟೊ, ಮೆಣಸಿನಕಾಯಿ, ಬದನೆ, ಹತ್ತಿ, ಎಲ್ಲದರ ಹೈಬ್ರಿಡ್ ಬೀಜ ಅಲ್ಲಿನ ಸುತ್ತಮುತ್ತಲ ಹೊಲಗಳಲ್ಲಿ ತಯಾರಾಗುತ್ತೆ. ನೀವು ಹೋಗಿ ನೋಡಿ, ಹೊಲದಲ್ಲಿ ಬಿಳಿ ಪರದೆ ಕಟ್ಟಿರ್ತಾರೆ. ಒಳಗೆ ಹೆಣ್ಣುಮಕ್ಕಳು ಕೆಲಸ ಮಾಡ್ತಿರ್ತಾರೆ. ಇನ್ನೂ ಅರಳದ ಮೊಗ್ಗು ಬಿಡಿಸಿ, ಅದರೊಳಗಿನ ಗಂಡು ಭಾಗ ಚಿಮುಟದಿಂದ ತೆಗೀತಾರೆ. ಆಮೇಲೆ ಇನ್ನೊಂದು ಗಿಡದ ಪರಾಗ ತಂದು ಆ ಹೂವಿಗೆ ಮುಟ್ಟಿಸ್ತಾರೆ. ಒಂದೊಂದೇ ಹೂವು, ಒಂದೊಂದೇ ಸಲ. ಕಣ್ಣು ಚುರುಕಿರಬೇಕು, ಬೆರಳು ಹಗುರಿರಬೇಕು. ಜಗತ್ತಿನ ಯಾವ ರೋಬೋಟ್‌ಗೂ ಅಷ್ಟು ಅಗ್ಗವಾಗಿ ಆ ಕೆಲಸ ಬರೋದಿಲ್ಲ.

ಗಂಡು ಗಿಡದ ಬೀಜ, ಹೆಣ್ಣು ಗಿಡದ ಬೀಜ ಎರಡನ್ನೂ ಕಂಪನಿ ಕೊಡುತ್ತೆ. ಮೇಲೆ ಹೆಸರು ಇರೋದಿಲ್ಲ, ಬರೀ ಕೋಡ್ ನಂಬರ್. ಬೆಳೆ ಬಂದ ಮೇಲೆ ಬೀಜವನ್ನೆಲ್ಲ ಆರ್ಗನೈಸರ್ ಮೂಲಕ ಕಂಪನಿಗೇ ಕೊಡಬೇಕು. ಮೊಳಕೆ ಪರೀಕ್ಷೆ, ಶುದ್ಧತೆ ಪರೀಕ್ಷೆ ಎರಡೂ ಪಾಸಾದ್ರೆ ದುಡ್ಡು. ಫೇಲಾದ್ರೆ ರಿಜೆಕ್ಟ್. ಅಂದ್ರೆ ಏನಾಯ್ತು? ಬೀಜ ಹುಟ್ಟಿಸಿದ್ದು ನಮ್ಮ ಜಿಲ್ಲೆಯ ಹೆಣ್ಣುಮಕ್ಕಳ ಕೈ. ಆ ಬೀಜದ ಅಪ್ಪ ಯಾರು ಅವ್ವ ಯಾರು ಅಂತ ಅವರಿಗೇ ಗೊತ್ತಿಲ್ಲ. ಅದೇ ಬೀಜ ಬಣ್ಣದ ಪಾಕೀಟಿನಲ್ಲಿ ಕೂತು ಗುತ್ತಲದ ಅಂಗಡಿಗೆ ಬಂದಾಗ ನಮ್ಮ ಕಾಕಾ ರೊಕ್ಕ ಕೊಟ್ಟು ಕೊಳ್ತಾನೆ.

ನಾನು ಇಂಜಿನಿಯರ್ ಆಗಿ ಇದನ್ನ ಹೀಗೆ ಅರ್ಥ ಮಾಡಿಕೊಳ್ತೀನಿ. ಆ ಪಾಕೀಟಿಗೆ ಮೂರು ಬೀಗ ಇವೆ.

ಮೊದಲನೇ ಬೀಗ ಪ್ರಕೃತಿಯದ್ದು. ಹೈಬ್ರಿಡ್ ಗಿಡದಿಂದ ಬೀಜ ತೆಗೆದು ಬಿತ್ತಿದ್ರೆ ಮುಂದಿನ ಪೀಳಿಗೆ ಒಂದೇ ತರ ಬರೋದಿಲ್ಲ. ಅಜ್ಜನ ಮೂಗು ಒಬ್ಬನಿಗೆ, ಅಜ್ಜಿಯ ಬಣ್ಣ ಇನ್ನೊಬ್ಬನಿಗೆ ಬಂದ ಹಾಗೆ. ಕಾಕಾ ಒಂದು ವರ್ಷ ಹೀಗೆ ಮಾಡಿದ್ದ. ಒಂದು ಗಿಡ ಸೊಂಟದ ಮಟ್ಟ, ಪಕ್ಕದ್ದು ಮೊಣಕಾಲ ಮಟ್ಟ. ಊರವರು ನಕ್ಕಿದ್ರು. ಎರಡನೇ ಬೀಗ ಗುಟ್ಟಿನದು. ಅಪ್ಪ ಅವ್ವನ ಬೀಜ ಕಂಪನಿ ತಿಜೋರಿಯಲ್ಲಿರುತ್ತೆ. ಸಾಫ್ಟ್‌ವೇರ್‌ನವರು ಸೋರ್ಸ್ ಕೋಡ್ ಮುಚ್ಚಿಟ್ಟು, ಓಡೋ ಪ್ರೋಗ್ರಾಂ ಮಾತ್ರ ಮಾರ್ತಾರಲ್ಲ, ಹಾಗೆ. ಮೂರನೇ ಬೀಗ ಕಾನೂನಿನದು. ಅದೇ ಪೇಟೆಂಟ್.

ಈ ಮೂರನೇ ಬೀಗದಲ್ಲಿ ಒಂದು ಸ್ವಾರಸ್ಯ ಇದೆ. ನಮ್ಮ ಪೇಟೆಂಟ್ ಕಾಯ್ದೆಯ 3ನೇ ಸೆಕ್ಷನ್‌ನಲ್ಲಿ ಯಾವುದಕ್ಕೆ ಪೇಟೆಂಟ್ ಕೊಡಬಾರದು ಅಂತ ಪಟ್ಟಿ ಇದೆ. 3(ಜೆ) ಹೇಳುತ್ತೆ, ಗಿಡ, ಬೀಜ, ತಳಿಗಳಿಗೆ ಪೇಟೆಂಟ್ ಇಲ್ಲ. ಅದರ ಪಕ್ಕದ ಮನೆಯೇ 3(ಕೆ). ಅದು ಹೇಳುತ್ತೆ, ಬರೀ ಕಂಪ್ಯೂಟರ್ ಪ್ರೋಗ್ರಾಂಗೆ ಪೇಟೆಂಟ್ ಇಲ್ಲ. ಬೆಂಗಳೂರಲ್ಲಿ ಕೋಡ್ ಬರೆಯೋ ನನ್ನ ಗೆಳೆಯನೂ, ಗುತ್ತಲದಲ್ಲಿ ಹತ್ತಿ ಬಿತ್ತೋ ನನ್ನ ಕಾಕಾನೂ ಈ ಕಾಯ್ದೆಯಲ್ಲಿ ಅಕ್ಕಪಕ್ಕದ ಮನೆಯವರು.

ಹಾಗಾದ್ರೆ ಬಿಟಿ ಹತ್ತಿಗೆ ಪೇಟೆಂಟ್ ಹೇಗೆ ಬಂತು? ಕಂಪನಿ ಹೇಳಿದ್ದು, ನಾವು ಗಿಡಕ್ಕೆ ಕೇಳ್ತಿಲ್ಲ, ಗಿಡದೊಳಗೆ ಸೇರಿಸಿದ ಜೀನ್‌ಗೆ ಕೇಳ್ತಿದ್ದೀವಿ ಅಂತ. 2002ರ ಮಾರ್ಚ್‌ನಲ್ಲಿ ಭಾರತದಲ್ಲಿ ಬಿಟಿ ಹತ್ತಿಗೆ ಒಪ್ಪಿಗೆ ಸಿಕ್ಕಿತು. ಮೊದಲ ವರ್ಷಗಳಲ್ಲಿ ಕಾಯಿಕೊರಕದ ಕಾಟ ಕಡಿಮೆಯಾಯ್ತು, ಔಷಧಿ ಹೊಡೆಯೋದು ತಗ್ಗಿತು. ಅದನ್ನ ಒಪ್ಪಲೇಬೇಕು, ನಮ್ಮ ಮನೆಯಲ್ಲೇ ನೋಡಿದ್ದೀನಿ. ಆದ್ರೆ 450 ಗ್ರಾಂ ಪಾಕೀಟಿಗೆ 1,800 ರೂಪಾಯಿ ಆಸುಪಾಸು ಬೆಲೆ ಇತ್ತು, ಅದರಲ್ಲಿ ಸುಮಾರು 1,250 ರೂಪಾಯಿ ಬರೀ ತಂತ್ರಜ್ಞಾನದ ಶುಲ್ಕ. ಬೀಜಕ್ಕಿಂತ ಲೈಸೆನ್ಸ್ ದುಬಾರಿ! 2006ರಲ್ಲಿ ಆಂಧ್ರ ಸರ್ಕಾರ ಏಕಸ್ವಾಮ್ಯ ತಡೆ ಆಯೋಗದ ಬಾಗಿಲು ಬಡೀತು. ಪಾಕೀಟಿನ ಬೆಲೆ 750ಕ್ಕೆ ಇಳೀತು. ಇಷ್ಟು ದಿನ ಇಳಿಯದ ಬೆಲೆ ಒಂದು ಸರ್ಕಾರ ಎದ್ದು ನಿಂತ ತಕ್ಷಣ ಇಳೀತು, ಇದನ್ನ ನೆನಪಿಡಿ.

ಆಮೇಲೆ ಕಂಪನಿ ಕಂಪನಿಗಳ ನಡುವೆಯೇ ಜಗಳ. ಮೊನ್ಸಾಂಟೊ ಒಂದು ಕಡೆ, ಹೈದರಾಬಾದಿನ ನುಜಿವೀಡು ಸೀಡ್ಸ್ ಇನ್ನೊಂದು ಕಡೆ. 2018ರ ಏಪ್ರಿಲ್‌ನಲ್ಲಿ ದೆಹಲಿ ಹೈಕೋರ್ಟಿನ ವಿಭಾಗೀಯ ಪೀಠ ಆ ಪೇಟೆಂಟ್ ಊರ್ಜಿತ ಅಲ್ಲ ಅಂತು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪು ರದ್ದು ಮಾಡಿ, ಸಾಕ್ಷ್ಯ ನೋಡಿ ಮತ್ತೆ ವಿಚಾರಣೆ ಮಾಡಿ ಅಂತು. ಅದೇ ವರ್ಷ ಪೇಟೆಂಟ್ ಅವಧಿಯೇ ಮುಗೀತು. 2021ರಲ್ಲಿ ಎರಡೂ ಕಡೆಯವರು ರಾಜಿ ಮಾಡಿಕೊಂಡ್ರು. ಜೀನ್‌ಗೆ ಒಡೆಯ ಇದ್ದಾನಾ ಇಲ್ವಾ ಅನ್ನೋ ಮೂಲ ಪ್ರಶ್ನೆಗೆ ಕೊನೇ ಉತ್ತರ ಬರಲೇ ಇಲ್ಲ.

ಈ ನಡುವೆ ಕೇಂದ್ರ ಸರ್ಕಾರ 2015ರ ಕೊನೆಯಲ್ಲಿ ಬೆಲೆ ನಿಯಂತ್ರಣ ಆದೇಶ ತಂತು. ತಂತ್ರಜ್ಞಾನದ ಶುಲ್ಕ 2016ರಲ್ಲಿ 49 ರೂಪಾಯಿ, 2018ರಲ್ಲಿ 39, 2019ರಲ್ಲಿ 20, 2020ರಲ್ಲಿ ಸೊನ್ನೆ. ಸೊನ್ನೆ ಆದ ಮೇಲೆ ಪಾಕೀಟಿನ ಬೆಲೆ ಏನಾಗಬೇಕಿತ್ತು? 2020ರಲ್ಲಿ ಗರಿಷ್ಠ ಬೆಲೆ 730 ಇತ್ತು, 2024ರಲ್ಲಿ 864. ಕಾನೂನಿನ ಬೀಗ ಬಿಚ್ಚಿತು. ಉಳಿದ ಎರಡು ಬೀಗ ಹಾಗೇ ಇವೆ. ಹೈಬ್ರಿಡ್ ಆದ್ದರಿಂದ ಕಾಕಾ ಪ್ರತಿ ವರ್ಷ ಅಂಗಡಿಗೆ ಹೋಗಲೇಬೇಕು. ಅತ್ತ ಗುಲಾಬಿ ಕಾಯಿಕೊರಕ ಬಿಟಿಗೆ ಒಗ್ಗಿಕೊಂಡು ವಾಪಸ್ ಬಂದಿದೆ. ಹುಳ ಪೇಟೆಂಟ್ ಓದೋದಿಲ್ಲ.

ಹಾಗಾದ್ರೆ ಬೀಗವೇ ಇಲ್ಲದ ಬೀಜ ಮಾಡೋಕೆ ನಮಗೆ ಬರೋದಿಲ್ವಾ? ಬರುತ್ತೆ ಸ್ವಾಮಿ. ನಮ್ಮ ಧಾರವಾಡಕ್ಕೆ ಬರುತ್ತೆ. 1972ರಲ್ಲಿ ಅಲ್ಲಿನ ಕೃಷಿ ಸಂಶೋಧನಾ ಕೇಂದ್ರದಲ್ಲಿ ಡಾ. ಬಿ.ಎಚ್. ಕಟರಕಿಯವರು ಎರಡು ಬೇರೆ ಜಾತಿಯ ಹತ್ತಿ ಕೂಡಿಸಿ ವರಲಕ್ಷ್ಮಿ ಅನ್ನೋ ಹೈಬ್ರಿಡ್ ತಂದ್ರು. ಕಂಪನಿಯ ದುಡ್ಡಲ್ಲಲ್ಲ, ಸರ್ಕಾರದ ಸಂಬಳದಲ್ಲಿ. ನಮ್ಮ ಕಡೆಯ ಹಿರಿಯರನ್ನ ಕೇಳಿ ನೋಡಿ, ವರಲಕ್ಷ್ಮಿ ಬೆಳೆದ ಕಾಲದ ಮಾತು ತೆಗೆದ್ರೆ ಮುಖ ಅರಳುತ್ತೆ.

ಮೂವತ್ತಾರು ವರ್ಷ ಆದ ಮೇಲೆ ಅದೇ ಧಾರವಾಡ ಇನ್ನೊಂದು ಪ್ರಯತ್ನ ಮಾಡಿತು. ನಾಗಪುರದ ಕೇಂದ್ರೀಯ ಹತ್ತಿ ಸಂಶೋಧನಾ ಸಂಸ್ಥೆ ಮತ್ತು ಧಾರವಾಡ ಕೃಷಿ ವಿಶ್ವವಿದ್ಯಾಲಯ ಸೇರಿ ಬಿಕಾನೇರಿ ನರ್ಮಾ ಬಿಟಿ ಅನ್ನೋ ಹತ್ತಿ ಮಾಡಿದ್ರು. ಇದು ಹೈಬ್ರಿಡ್ ಅಲ್ಲ, ತಳಿ. ಬೀಜ ತೆಗೆದಿಟ್ಟು ಮುಂದಿನ ವರ್ಷ ಬಿತ್ತಬಹುದಿತ್ತು. ಕಾಕಾನ ಪ್ರಶ್ನೆಗೆ ಇದೇ ಉತ್ತರ ಆಗಬೇಕಿತ್ತು! 2008ರಲ್ಲಿ ಒಪ್ಪಿಗೆ ಸಿಕ್ಕಿತು, 2009ರಲ್ಲಿ ರೈತರ ಕೈಗೆ ಬಂತು, ಅದೇ ವರ್ಷದ ಕೊನೆಗೆ ವಾಪಸ್ ಹೋಯ್ತು. ಯಾಕೆ? ಅದರಲ್ಲಿ ಮೊನ್ಸಾಂಟೊದ ಜೀನ್ ಬೆರೆತಿದೆ ಅಂತ ಗೊತ್ತಾಯ್ತು. ಸೋಪೋರಿ ಸಮಿತಿ 2012ರಲ್ಲಿ ವರದಿ ಕೊಟ್ಟು ಕಲಬೆರಕೆ ಆಗಿದ್ದು ನಿಜ ಅಂತು. ಇಲ್ಲಿ ಬಹುರಾಷ್ಟ್ರೀಯ ಕಂಪನಿಯನ್ನ ಬೈದು ಕೈ ತೊಳ್ಕೊಳ್ಳೋಕಾಗಲ್ಲ. ಎಡವಿದ್ದು ನಮ್ಮದೇ ಸಂಸ್ಥೆಗಳು. ಎಡವಿದ ಮೇಲೆ ಎದ್ದು ಮತ್ತೆ ಓಡಬೇಕಿತ್ತು. ಅದಕ್ಕೆ ದುಡ್ಡು, ಲ್ಯಾಬು, ಜನ ಕೊಡಬೇಕಾದವರು ಯಾರು? ಹೋದ ವಾರ ಇದೇ ಸ್ಟುಡಿಯೋದಲ್ಲಿ ಕೂಗಾಡಿದವರ ಪಕ್ಷಗಳು. ಎರಡೂ ಪಕ್ಷಗಳು.

ರಾಜಕೀಯ ಅಂದ್ಮೇಲೆ ಒಂದು ಹಳೇ ಕಥೆ. 1992ರ ಡಿಸೆಂಬರ್ 29ರಂದು ಬೆಂಗಳೂರಿನ ಕಾರ್ಗಿಲ್ ಬೀಜ ಕಂಪನಿಯ ಕಚೇರಿಗೆ ರೈತ ಸಂಘದವರು ನುಗ್ಗಿ ಕಾಗದ ಪತ್ರ ಎಲ್ಲಾ ಬೀದಿಗೆ ತಂದು ಸುಟ್ಟರು. ಮುಂದಿನ ವರ್ಷ ಬಳ್ಳಾರಿಯಲ್ಲಿ ಅದೇ ಕಂಪನಿಯ ಘಟಕ ಕೆಡವಿದ್ರು. 1998ರಲ್ಲಿ ರಾಯಚೂರು, ಬಳ್ಳಾರಿ ಕಡೆ ಬಿಟಿ ಹತ್ತಿಯ ಪ್ರಯೋಗದ ಹೊಲಗಳಿಗೆ ಬೆಂಕಿ ಹಚ್ಚಿದ್ರು. ಮುಂದೆ ನಿಂತವರು ಪ್ರೊ. ಎಂ.ಡಿ. ನಂಜುಂಡಸ್ವಾಮಿ. ಬೆಂಕಿ ಹಚ್ಚೋದು ನನಗೆ ಒಪ್ಪಿಗೆ ಇಲ್ಲ, ಪ್ರಯೋಗದ ಹೊಲ ಸುಟ್ರೆ ಉತ್ತರವೂ ಸುಟ್ಟುಹೋಗುತ್ತೆ. ಆದ್ರೆ ಡಂಕೆಲ್ ಪ್ರಸ್ತಾವನೆ ಅಂದ್ರೇನು ಅಂತ ದೆಹಲಿಯ ಸಂಸದರಿಗಿಂತ ಮೊದಲು ನಮ್ಮ ಹಸಿರು ಶಾಲಿನವರು ಹಳ್ಳಿಕಟ್ಟೆಯಲ್ಲಿ ವಿವರಿಸ್ತಿದ್ರು ಅನ್ನೋದು ಸಣ್ಣ ಮಾತಲ್ಲ.

ಆ ಕಾಲದ ಗದ್ದಲದಿಂದ ನಮಗೆ ಒಂದು ಒಳ್ಳೆಯದು ಸಿಕ್ಕಿದೆ. ವಿಶ್ವ ವ್ಯಾಪಾರ ಸಂಸ್ಥೆಗೆ ಸೇರಿದ ಮೇಲೆ ತಳಿಗಳ ರಕ್ಷಣೆಗೆ ಕಾನೂನು ಮಾಡಲೇಬೇಕಿತ್ತು. 2001ರಲ್ಲಿ ನಾವು ಮಾಡಿದ ಕಾಯ್ದೆಯ ಹೆಸರಲ್ಲೇ ರೈತರ ಹಕ್ಕು ಅನ್ನೋ ಮಾತಿದೆ. ಅದರ 39ನೇ ಸೆಕ್ಷನ್ ಪ್ರಕಾರ ರೈತ ತನ್ನ ಬೆಳೆಯ ಬೀಜ ಇಟ್ಕೋಬಹುದು, ಬಿತ್ತಬಹುದು, ಮತ್ತೆ ಬಿತ್ತಬಹುದು, ಹಂಚಬಹುದು, ಮಾರಲೂಬಹುದು. ಬ್ರ್ಯಾಂಡ್ ಹಾಕಿ ಮಾತ್ರ ಮಾರುವ ಹಾಗಿಲ್ಲ. ನಮ್ಮ ಅಜ್ಜಿಯ ಗಡಿಗೆಗೆ ಪಾರ್ಲಿಮೆಂಟ್ ಹಾಕಿದ ಮುದ್ರೆ ಇದು.

ಆದರೆ ಕಾನೂನು ಪುಸ್ತಕದಲ್ಲಿದ್ರೆ ಸಾಲದು. 2019ರಲ್ಲಿ ಗುಜರಾತಿನ ನಾಲ್ವರು ಆಲೂಗಡ್ಡೆ ರೈತರ ಮೇಲೆ ಪೆಪ್ಸಿಕೋ ತಲಾ ಒಂದು ಕೋಟಿಗೂ ಹೆಚ್ಚು ಪರಿಹಾರ ಕೇಳಿ ಕೇಸು ಹಾಕಿತು. ಚಿಪ್ಸ್ ಮಾಡೋ ನಮ್ಮ ತಳಿ ಬೆಳೆದಿದ್ದೀರಿ ಅಂತ. ದೇಶಕ್ಕೆ ದೇಶವೇ ಉಗಿದ ಮೇಲೆ ಆ ವರ್ಷದ ಮೇ ತಿಂಗಳಲ್ಲಿ ಕೇಸು ವಾಪಸ್ ತಗೊಂಡ್ರು. 2021ರಲ್ಲಿ ತಳಿಯ ನೋಂದಣಿಯೇ ರದ್ದಾಯ್ತು. 2024ರ ಜನವರಿಯಲ್ಲಿ ದೆಹಲಿ ಹೈಕೋರ್ಟಿನ ವಿಭಾಗೀಯ ಪೀಠ ಆ ರದ್ದತಿಯನ್ನೇ ರದ್ದು ಮಾಡಿತು. ಕಂಪನಿ ಒಂದು ಕೋರ್ಟಲ್ಲಿ ಸೋತ್ರೆ ಇನ್ನೊಂದಕ್ಕೆ ಹೋಗುತ್ತೆ. ರೈತ ಒಂದು ನೋಟಿಸ್ ಬಂದ್ರೆ ಊಟ ಬಿಡ್ತಾನೆ.

ಇಲ್ಲಿ ನೀವು ನನ್ನನ್ನ ಕೇಳಬಹುದು, ಏನಪ್ಪಾ, ನೀನು ಬೌದ್ಧಿಕ ಆಸ್ತಿಯ ವಿರೋಧಿನಾ ಅಂತ. ಅಲ್ಲ. ಈ ಕಾರ್ಯಕ್ರಮದ ತುಣುಕನ್ನ ಯಾರಾದ್ರೂ ಕದ್ದು ಯೂಟ್ಯೂಬ್‌ಗೆ ಹಾಕಿದ್ರೆ ನಮ್ಮ ಚಾನೆಲ್ ಕಾಪಿರೈಟ್ ಸ್ಟ್ರೈಕ್ ಕೊಡುತ್ತೆ. ನನ್ನ ಸಂಬಳ ಅದರಿಂದಲೇ ಬರೋದು. ಅದೇ ನಾನು ಕಾಲೇಜಿನಲ್ಲಿದ್ದಾಗ ಹಾಸ್ಟೆಲ್‌ನಲ್ಲಿ ಓಡಿಸಿದ ಸಾಫ್ಟ್‌ವೇರ್‌ನಲ್ಲಿ ಮುಕ್ಕಾಲು ಭಾಗ ಪೈರೇಟೆಡ್ ಸಿಡಿ. ಹತ್ತು ವರ್ಷ ಲ್ಯಾಬಲ್ಲಿ ಕೂತು ಒಂದು ತಳಿ ಕಂಡುಹಿಡಿದವನಿಗೆ ಕೂಲಿ ಸಿಗಬೇಕು. ನನ್ನ ತಕರಾರು ಒಂದೇ. ಆಸ್ತಿ ಅಂದ್ರೆ ಎಲ್ಲರ ಆಸ್ತಿಗೂ ಕಾವಲು ಇರಬೇಕು. ಕಂಪನಿಯ ಆಸ್ತಿಗೆ ವಕೀಲರ ಕಾವಲಿದೆ. ರೈತರ ಆಸ್ತಿಗೆ?

ರೈತರ ಹತ್ರ ಯಾವ ಬೌದ್ಧಿಕ ಆಸ್ತಿ ಇದೆ ಅಂತೀರಾ? ಬ್ಯಾಡಗಿಗೆ ಬನ್ನಿ. ಹಿಂದೆ ಗುತ್ತಲವನ್ನ ಆಳಿದ ಗುತ್ತರು ತಾವು ಉಜ್ಜಯಿನಿಯ ಚಂದ್ರಗುಪ್ತನ ವಂಶದವರು ಅಂತ ಶಾಸನಗಳಲ್ಲಿ ಬರೆಸಿಕೊಂಡಿದ್ರು. ಹೆಸರಿಗಿರೋ ಬೆಲೆ ನಮ್ಮ ಸೀಮೆಗೆ ಆಗಲೇ ಗೊತ್ತಿತ್ತು. ಈಗ ನಮ್ಮ ಸೀಮೆಯ ದೊಡ್ಡ ಹೆಸರು ಬ್ಯಾಡಗಿ ಮೆಣಸಿನಕಾಯಿ. ಖಾರ ಕಡಿಮೆ, ಬಣ್ಣ ಜಾಸ್ತಿ. ಅದರಿಂದ ತೆಗೆಯೋ ಓಲಿಯೋರೆಸಿನ್ ತಿಂಡಿಗೂ ಬೇಕು, ಲಿಪ್‌ಸ್ಟಿಕ್ಕಿಗೂ ಬೇಕು. 2011ರಲ್ಲಿ ಇದಕ್ಕೆ ಜಿಐ ಟ್ಯಾಗ್ ಸಿಕ್ಕಿತು. ಅಂದ್ರೆ ಈ ಹೆಸರು ಒಬ್ಬ ಕಂಪನಿಯದ್ದಲ್ಲ, ಈ ನೆಲದ್ದು. ನನ್ನ ಅಜ್ಜಿಯಂಥ ಸಾವಿರ ಅಜ್ಜಿಯರು ಕಣದಲ್ಲಿ ಕೂತು ಆರಿಸಿದ ಬಣ್ಣಕ್ಕೆ ಸಿಕ್ಕ ಪಟ್ಟಾ ಅದು.

ಪಟ್ಟಾ ಸಿಕ್ಕಿತು. ಕಾವಲು? ಆ ಹೆಸರನ್ನ ಹಕ್ಕಿನಿಂದ ಬಳಸಬೇಕು ಅಂದ್ರೆ ಬೆಳೆಗಾರ ಅಧಿಕೃತ ಬಳಕೆದಾರ ಅಂತ ನೋಂದಣಿ ಮಾಡಿಸಬೇಕು. 2020ರಲ್ಲಿ ಅದರ ಅರ್ಜಿ ಶುಲ್ಕ 10 ರೂಪಾಯಿಗೆ ಇಳಿಸಿದ್ರು. ಹತ್ತು ರೂಪಾಯಿ, ಒಂದು ಚಹಾದ ದುಡ್ಡು. ನಮ್ಮ ಓಣಿಯಲ್ಲಿ ನಾನು ಕೇಳಿದ ಒಬ್ಬ ರೈತನಿಗೂ ಇದು ಗೊತ್ತಿರಲಿಲ್ಲ. ಅತ್ತ ಸಂತೆಯಲ್ಲಿ ಯಾವ ಸೀಮೆಯ ಯಾವ ಹೈಬ್ರಿಡ್ ಪುಡಿ ಮಾಡಿದ್ರೂ ಪಾಕೀಟಿನ ಮೇಲೆ ಬ್ಯಾಡಗಿ ಅಂತ ಬರೀತಾರೆ. ಯಾವನಾದ್ರೂ ಕಂಪನಿಯ ಲೋಗೋ ಹೀಗೆ ಅಂಟಿಸಿ ನೋಡಲಿ, ಸಂಜೆಯೊಳಗೆ ನೋಟಿಸ್ ಬರುತ್ತೆ. 2024ರ ಮಾರ್ಚ್ 11ರಂದು ಬ್ಯಾಡಗಿ ಮಾರುಕಟ್ಟೆಯಲ್ಲಿ ದರ ಕುಸಿದಾಗ ಏನಾಯ್ತು, ನಾವೇ ಲೈವ್ ತೋರಿಸಿದ್ವಿ. ಎಪಿಎಂಸಿ ಕಚೇರಿಗೆ ಕಲ್ಲು, ವಾಹನಗಳಿಗೆ ಬೆಂಕಿ. ಜಗತ್ತಿಗೆ ಗೊತ್ತಿರೋ ಹೆಸರು ಕೈಯಲ್ಲಿಟ್ಟುಕೊಂಡು ಚೀಲದ ಮುಂದೆ ನಿಂತವನಿಗೆ ಆ ದಿನ ಹೆಸರು ಉಪಯೋಗಕ್ಕೆ ಬರಲಿಲ್ಲ.

ಹಾಗಾಗಿ ನಾನು ಕೇಳೋದು ಮೂರು. ಒಂದು, ಧಾರವಾಡದಂಥ ಸರ್ಕಾರಿ ಕೇಂದ್ರಗಳಿಗೆ ದುಡ್ಡು ಕೊಡಿ, ರೈತ ಇಟ್ಟುಕೊಂಡು ಬಿತ್ತಬಹುದಾದ ತಳಿ ತನ್ನಿ. ಎರಡು, ಬ್ಯಾಡಗಿ ಹೆಸರಿಗೆ ಕಾವಲು ಹಾಕಿ. ರೈತ ಸಂಪರ್ಕ ಕೇಂದ್ರದಲ್ಲೇ ಆ ಹತ್ತು ರೂಪಾಯಿ ಅರ್ಜಿ ತುಂಬಿಸಿ. ಮೂರು, ಬೀಜ ಕಾಯ್ದೆ ಇನ್ನೂ 1966ರದ್ದು. 2004ರಲ್ಲಿ ಹೊಸ ಮಸೂದೆ ರಾಜ್ಯಸಭೆಗೆ ಬಂತು, ಪಾಸಾಗಲಿಲ್ಲ. 2019ರಲ್ಲಿ ಮತ್ತೊಂದು ಕರಡು ಬಂತು. ಬೀಜ ಕೈಕೊಟ್ರೆ ರೈತನಿಗೆ ಬೇಗ ಪರಿಹಾರ ಸಿಗೋ ಹಾಗೆ ಅದನ್ನ ಮುಗಿಸಿ.

ಈ ಮೂರನೇದು ನಮ್ಮ ಮನೆಯ ಗಾಯ. ಕೆಲವು ವರ್ಷದ ಹಿಂದೆ ಕಾಕಾ ತಂದ ಒಂದು ಪಾಕೀಟು ಅರ್ಧ ಮೊಳಕೆ ಒಡೀಲಿಲ್ಲ. ಕೇಳೋಕೆ ಹೋದ್ರೆ ಬಿಲ್ಲು ಎಲ್ಲಿದೆ ಅಂದ್ರು. ಅಂಗಡಿಯವನು ಕೊಟ್ಟಿದ್ದು ಹರಿದ ಚೀಟಿ. ಪಾಕೀಟು ಒಲೆಗೆ ಹೋಗಿತ್ತು. ಕೇಸು ಅಲ್ಲಿಗೇ ಮುಗೀತು. ಅದಕ್ಕೆ ಇವತ್ತು ಹೇಳ್ತೀನಿ, ಬರ್ಕೊಳ್ಳಿ. ಪಕ್ಕಾ ಬಿಲ್ಲು ಕೇಳಿ, ಅದರಲ್ಲಿ ಲಾಟ್ ನಂಬರ್ ಬರೆಸಿ. ಖಾಲಿ ಪಾಕೀಟು ಎತ್ತಿಡಿ. ಒಂದು ಹಿಡಿ ಬೀಜ ಉಳಿಸಿ. ಬೀಜ ಕೈಕೊಟ್ರೆ ರೈತನೂ ಗ್ರಾಹಕರ ನ್ಯಾಯಾಲಯಕ್ಕೆ ಹೋಗಬಹುದು ಅಂತ 2012ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಇವತ್ತು ಸ್ಟುಡಿಯೋಗೆ ಬರೋ ಮೊದಲು ಕಾಕಾಗೆ ಫೋನ್ ಮಾಡಿದ್ದೆ. ಹೇಳಿದೆ, "ಕಾಕಾ, ಬೀಜ ನಿಂದು. ಬಿತ್ತಬ್ಯಾಡ ಅಂತ ಕಾನೂನು ಹೇಳೂದಿಲ್ಲ. ಆದ್ರ ಅದು ಹೈಬ್ರಿಡ್, ಮುಂದಿನ ವರ್ಷ ಬರೂದಿಲ್ಲ."

ಕಾಕಾ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಅಂದ, "ಹಂಗಾರ ಬೀಜ ನಂದು, ಪೀಕ ಅವರ್ದು ಅಂದಂಗಾತು. ಇರ್ಲಿ. ನಿಮ್ಮಜ್ಜಿ ಗಡಿಗಿ ಅಟ್ಟದ ಮ್ಯಾಲ ಇನ್ನೂ ಐತಿ. ಈ ವರ್ಷ ಎರಡ ಸಾಲು ಡಬ್ಬಿ ಮೆಣಸಿನಕಾಯಿ ಬ್ಯಾರೆ ಹಚ್ಚತೀನಿ, ಬೀಜಕ್ಕ. ನೀ ಟೀವ್ಯಾಗ ಆ ಹತ್ತು ರೂಪಾಯಿ ಅರ್ಜಿ ಎಲ್ಲಿ ಸಿಗತೈತಿ ಅಂತ ಕೇಳು."

ಕೇಳಿದ್ದೀನಿ ಕಾಕಾ. ಉತ್ತರ ಕೊಡಬೇಕಾದವರು ಈಗ ಟಿವಿ ನೋಡ್ತಿದ್ದಾರೆ. ಅವರು ಮುಂದಿನ ವಾರ ಈ ಕುರ್ಚಿಗೆ ಬಂದಾಗ ಮೊದಲ ಪ್ರಶ್ನೆ ಇದೇ ಇರುತ್ತೆ. ಈ ಸಲ ಕೂಗೋದಿಲ್ಲ, ಉತ್ತರ ಬರೋವರೆಗೂ ಕಾಯ್ತೀನಿ.